ಎಲ್ಲಾ ಬಂದ್ವೇನು?

ನಾಯಿ ಸಾಕುವವಳು ಅಂತ ಯಾರಾದರೂ ನನ್ನನ್ನು ಪರಿಚಯ ಮಾಡಿಕೊಟ್ಟರೆ ನನಗೆ ಸಿಟ್ಟು ಬರುತ್ತದೆ. ನಾನು ಸಾಕುವುದಿಲ್ಲ, ಕಳಿಸಿಕೊಡುತ್ತೇನೆ. ನಾನು ಬಸ್ ಕಂಡಕ್ಟರ್. ರಾಯಚೂರಿನಿಂದ ದೇವದುರ್ಗ, ರಾಯಚೂರಿನಿಂದ ಮಾನ್ವಿ, ಯಾರಾದರೂ ರಜೆ ಹಾಕಿದರೆ ಗಿಲ್ಲೆಸುಗೂರು. ನಾಯಿಯ ಸುದ್ದಿ ತೆಗೆದ ಕೂಡಲೇ ಜನ ನನ್ನನ್ನು ಕೈತುಂಬ ಪುರ್ಸೊತ್ತು ಇರುವವಳು, ಸೋಫಾದ ಮೇಲೆ ನಾಯಿ ಮಲಗಿಸಿಕೊಂಡು ಫೋಟೋ ತೆಗೆಯುವವಳು ಅಂದುಕೊಳ್ಳುತ್ತಾರೆ. ನನ್ನ ಮನೆಯಲ್ಲಿ ಸೋಫಾವೇ ಇಲ್ಲ. ಎರಡು ಕೋಣೆ, ಮುಂದೆ ಅಂಗಳ, ಅಂಗಳದಲ್ಲಿ ಒಂದು ಬೇವಿನ ಗಿಡ, ಗಿಡದ ಕೆಳಗೆ ಯಾವಾಗಲೂ ಒಂದು ಬಾಡಿಗೆ ನಾಯಿ. ಬಾಡಿಗೆ ನಾಯಿ ಅನ್ನುವುದು ನಮ್ಮವ್ವನ ಮಾತು. ಬರುತ್ತದೆ, ಇರುತ್ತದೆ, ಖಾಲಿ ಮಾಡಿಕೊಂಡು ಹೋಗುತ್ತದೆ.

ರಾಯಚೂರಿನಲ್ಲಿ ಒಬ್ಬ ಪಶುವೈದ್ಯೆ ಇದ್ದಾರೆ. ಗಾಡಿ ಬಡಿದ, ಬಿಸಿನೀರು ಎರಚಿಸಿಕೊಂಡ, ಬೇಡ ಅಂತ ಮನೆಯವರೇ ಬೈಪಾಸಿನಲ್ಲಿ ಬಿಟ್ಟುಹೋದ ನಾಯಿಗಳನ್ನು ಅವರೂ ಅವರ ಗೆಳತಿಯರೂ ಎತ್ತಿಕೊಂಡು ಬರುತ್ತಾರೆ. ಔಷಧಿ ಅವರದು. ಗಾಯ ಮಾಯುವ ತನಕ, ಕಾಯಂ ಮನೆಯೊಂದು ಸಿಗುವ ತನಕ ಎಲ್ಲಾದರೂ ಇಡಬೇಕಲ್ಲ, ಆ ಎಲ್ಲಾದರೂ ಅಂದರೆ ನಮ್ಮ ಬೇವಿನ ಗಿಡ. ಆಮೇಲೆ ಮನೆ ಹುಡುಕುವುದು ನನ್ನ ಕೆಲಸ. ಅದರಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲಿ ಇಲ್ಲ ಅಂತ ನಾನೇ ಹೇಳಿಕೊಳ್ಳುತ್ತೇನೆ, ಮತ್ತೊಬ್ಬರು ಹೇಳಲಿ ಅಂತ ಕಾಯುವ ಗುಣ ನನಗಿಲ್ಲ.

ಕಂಡಕ್ಟರಿಗೆ ಗೊತ್ತಾಗುವಷ್ಟು ಮನುಷ್ಯರ ಬಣ್ಣ ಹೆಣ್ಣು ನೋಡಲು ಹೋದವರಿಗೂ ಗೊತ್ತಾಗುವುದಿಲ್ಲ. ಪಕ್ಕದ ಮುದುಕ ತೂಕಡಿಸುತ್ತಿದ್ದರೆ ಅವನ ಸ್ಟಾಪ್ ಬಂದಾಗ ಯಾರು ಎಬ್ಬಿಸುತ್ತಾರೆ, ಮಂದಿಯ ಚೀಲವನ್ನು ಕಾಲಿನಿಂದ ಯಾರು ಸರಿಸುತ್ತಾರೆ, ಶೇಂಗಾ ತಿಂದು ಸಿಪ್ಪೆಯನ್ನು ಯಾರು ಪಕ್ಕದವರ ಉಡಿಗೆ ಹಾಕುತ್ತಾರೆ, ಎಲ್ಲವೂ ಟಿಕೆಟ್ ಹರಿಯುವಾಗ ನನ್ನ ಕಣ್ಣಿಗೆ ಬೀಳುತ್ತದೆ. ಸಿಪ್ಪೆಯವನಿಗೆ ನಾನು ನಾಯಿ ಕೊಡುವುದಿಲ್ಲ. "ಯಾವ ಜಾತಿ ನಾಯಿರೀ?" ಅಂತ ಮೊದಲ ಮಾತಿಗೇ ಕೇಳಿದವನಿಗಂತೂ ಕೊಡುವುದೇ ಇಲ್ಲ. ಹೀಗೆ ಸೋಸಿ ಸೋಸಿ ಕೊಟ್ಟದ್ದಕ್ಕೇ ನಮ್ಮ ಮನೆಯಿಂದ ಹೋದ ನಾಯಿ ಒಂದೂ ವಾಪಸ್ ಬಂದಿರಲಿಲ್ಲ. ಆ ಕುರುಬರ ನಾಯಿ ಬರುವ ತನಕ.

ಅದರ ಕತೆ ಹೇಳುವ ಮುಂಚೆ ನಮ್ಮವ್ವನ ಒಂದು ರೂಢಿ ಹೇಳಬೇಕು. ನಾವು ಮಸರಕಲ್ ಕಡೆಯ ಒಂದು ದೊಡ್ಡಿಯವರು. ದೊಡ್ಡಿ ಅಂದರೆ ಊರೂ ಅಲ್ಲ, ಹೊಲವೂ ಅಲ್ಲ, ಕುರಿ ಇದ್ದವರ ನಾಲ್ಕಾರು ಮನೆ. ಸಂಜೆ ಕುರಿ ಹಟ್ಟಿಗೆ ಬಂದ ಮೇಲೆ ಅಪ್ಪ ಬಾಗಿಲಲ್ಲಿ ನಿಂತು ಒಮ್ಮೆ ಎಲ್ಲವನ್ನೂ ನೋಡುತ್ತಿದ್ದ. ನೋಡಿ, "ಎಲ್ಲಾ ಬಂದ್ವು" ಅನ್ನುತ್ತಿದ್ದ. ಆ ಮಾತು ಬಿದ್ದ ಮೇಲೆಯೇ ಅವ್ವ ರೊಟ್ಟಿ ಬುಟ್ಟಿಯ ಬಟ್ಟೆ ತೆಗೆಯುವುದು. ಮೊದಲು ಅಪ್ಪನಿಗೆ, ಆಮೇಲೆ ನಾಯಿಗೆ, ಆಮೇಲೆ ನಮಗೆ. ಒಂದು ಮರಿ ಹಿಂದೆ ಉಳಿದರೂ ಎಲ್ಲರ ಹೊಟ್ಟೆಯೂ ಕಾಯಬೇಕು. ಈಗ ಅಪ್ಪ ಇಲ್ಲ, ಕುರಿ ಅಣ್ಣನ ಹತ್ತಿರ ಇವೆ, ಅವ್ವ ನನ್ನ ಜೊತೆ ರಾಯಚೂರಿನಲ್ಲಿದ್ದಾಳೆ. ಹಟ್ಟಿ ಹೋದರೂ ರೂಢಿ ಹೋಗಲಿಲ್ಲ. ನಾನು ಡ್ಯೂಟಿ ಮುಗಿಸಿ ಬರುವ ತನಕ ಬುಟ್ಟಿಯ ಬಟ್ಟೆ ತೆಗೆಯುವುದಿಲ್ಲ.

"ಯವ್ವಾ, ನೀ ಉಂಡು ಮಲಗಬಾರದೇನು?" ಅಂತ ನಾನು ಬೈಯುತ್ತೇನೆ.

"ಹೊಟ್ಟಿ ಹಸಿದಿದ್ದಿಲ್ಲ ಬಿಡಬೇ," ಅನ್ನುತ್ತಾಳೆ. ಹೇಳಿ, ನನಗಿಂತ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಾಳೆ.

ಆ ನಾಯಿ ಸಿಕ್ಕದ್ದು ದೇವದುರ್ಗದಿಂದ ವಾಪಸ್ ಬರುವಾಗ, ಮಸರಕಲ್ ದಾಟಿದ ಮೇಲೆ. ದೂರದ ಊರಿನ ಕುರಿಯವರು ಹಿಂಡು ಹೊಡೆದುಕೊಂಡು ಹೋದ ಹಾದಿ, ರಸ್ತೆಯ ತುಂಬ ಹಿಕ್ಕೆ. ಹತ್ತಿ ಹೊಲದ ಬದುವಿನಲ್ಲಿ ಒಂದು ಕಂದು ನಾಯಿ ಹಿಂಗಾಲು ಎಳೆಯುತ್ತ ಏಳುತ್ತಿತ್ತು, ಬೀಳುತ್ತಿತ್ತು. ಹಿಂಡು ಹೋದ ದಿಕ್ಕಿಗೇ ಅದರ ಮುಖ. ನಾನು ಸೀಟಿ ಊದಿದೆ. ಡ್ರೈವರ್ ಬೈಯುತ್ತಲೇ ನಿಲ್ಲಿಸಿದ. ಅವನಿಗೆ ನನ್ನ ರೋಗ ಗೊತ್ತು.

"ಏನ್ರೀ ಕಂಡಕ್ಟರ್, ಗಾಡಿ ಯಾಕ ನಿಲ್ಲಿಸಿದ್ರಿ? ನಂದು ಕೋರ್ಟಿನ್ಯಾಗ ತಾರೀಖ ಅದ!" ಅಂತ ಒಬ್ಬರು ಎದ್ದರು.

"ತಾರೀಖ ಮತ್ತೊಂದು ಕೊಡ್ತಾರ, ಜೀವ ಕೊಡ್ತಾರೇನ್ರಿ? ಸರೀರಿ ಆ ಕಡಿ!"

ಒಬ್ಬ ಮುದುಕಿ ತನ್ನ ಗಂಟಿನಿಂದ ಹಳೆ ಟವೆಲ್ ಬಿಚ್ಚಿ ಕೊಟ್ಟಳು. ಅದರಲ್ಲಿ ಸುತ್ತಿ ಹಿಂದಿನ ಸೀಟಿನ ಕೆಳಗೆ ಮಲಗಿಸಿದೆ. ಕಚ್ಚಲಿಲ್ಲ. ಬಸ್ಸು ಹೊರಟ ಮೇಲೆ ಕಿಟಕಿ ಪಕ್ಕದ ಒಬ್ಬ ಎಳೆ ಮೀಸೆಯವನು ಎಲ್ಲರಿಗೂ ಕೇಳುವಂತೆ, "ನಾಯಿಗೆ ಟಿಕೀಟ ಇಲ್ಲೇನ್ರಿ?" ಅಂದ.

"ಹೆಣ್ಣು ನಾಯಿ ಅದ್ರೀ. ಹೆಂಗಸರಿಗೆ ಬಸ್ಸು ಫ್ರೀ. ನಿಮ್ದು ಎಲ್ಲಿ, ತೋರಸ್ರಿ ನೋಡೂಣು?"

ಅವನು ಟಿಕೆಟ್ ತೆಗೆದುಕೊಂಡೇ ಇರಲಿಲ್ಲ. ಬಸ್ಸೆಲ್ಲ ಬಿದ್ದು ಬಿದ್ದು ನಕ್ಕಿತು. ಕೋರ್ಟಿನವರೂ ನಕ್ಕರು.

ಡಾಕ್ಟರು ಕಾಲಿಗೆ ಪಟ್ಟಿ ಹಾಕಿ, ಕಾಲು ಉಳಿಯುತ್ತದೆ, ಸ್ವಲ್ಪ ಕುಂಟುತ್ತದೆ ಅಷ್ಟೇ ಅಂದರು. ಮನೆಗೆ ತಂದಾಗ ಅವ್ವ ಎಂದಿನಂತೆ "ಬಂತೇನು ಹೊಸಾ ಬಾಡಿಗಿ?" ಅಂತ ಶುರು ಮಾಡಿದವಳು, ನಾಯಿಯ ಕೊರಳು ನೋಡಿ ಹತ್ತಿರ ಬಂದು ಕೂತಳು. ಕೊರಳಲ್ಲಿ ಉಣ್ಣೆಯ ದಾರ ಇತ್ತು. ಅದನ್ನು ಬೆರಳಿನಲ್ಲಿ ತಿಕ್ಕಿ ನೋಡಿ, "ಯಾರೋ ತಮ್ಮ ತೊಡಿ ಮ್ಯಾಲ ಹೊಸೆದ ದಾರ ಇದು. ಕುರಿ ಕಾಯೋ ನಾಯಿ ಬೇ ಇದು, ಓಣಿ ನಾಯಲ್ಲ," ಅಂದಳು. ದೇವದುರ್ಗದ ಹಾದಿಯಲ್ಲಿ ಕಂಡ ಕುರಿಯವರನ್ನೆಲ್ಲ ನಾನು ಬಸ್ಸಿನ ಬಾಗಿಲಿನಿಂದಲೇ ಕೂಗಿ ಕೇಳಿದೆ. "ನಮ್ದಲ್ಲವ್ವಾ" ಅಂತಲೇ ಎಲ್ಲರೂ ಅಂದರು. ಅದರ ಹಿಂಡು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

ನಮ್ಮಲ್ಲಿ ಅದು ಚೆನ್ನಾಗಿಯೇ ಇತ್ತು. ಗಾಯ ಮಾಯಿತು. ನಾನು ಬಂದು ಶೂ ಬಿಚ್ಚುವ ಹೊತ್ತಿಗೆ ಅವ್ವ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿ ಹಾಕುತ್ತಿದ್ದಳು, ಅದು ತಟ್ಟೆ ನೆಕ್ಕಿ ತೊಳೆದಿಡುತ್ತಿತ್ತು. ಹೀಗಾಗಿ ರಾಯಚೂರಿನದೇ ಒಂದು ದೊಡ್ಡ ಮನೆಯವರು, ಹಾರ್ಡ್‌ವೇರ್ ಅಂಗಡಿಯವರು, ಕೇಳಿದಾಗ ನಾನು ಎದೆ ತಟ್ಟಿ ಹೇಳಿದೆ: "ತಿನ್ನೋದರಾಗ ಏನೂ ತಕರಾರಿಲ್ರಿ." ಒಳ್ಳೆಯ ಜನ. ತೋಟ ಇತ್ತು, ಹೊಸ ತಟ್ಟೆ, ಹೊಸ ಗಾದಿ. ಕೊಟ್ಟು ಬಂದು ಗಿಡದ ಕೆಳಗೆ ನೀರು ಹೊಡೆದು ಗುಡಿಸಿದೆ.

ಆ ವಾರ ಮುಗಿಯುವುದರೊಳಗೆ ಅಂಗಡಿಯವರು ಕಾರಿನಲ್ಲಿ ನಾಯಿ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು. ನಾಯಿಯ ಪಕ್ಕೆಲುಬು ಕಾಣುತ್ತಿದ್ದವು.

"ಬಂದಾಗಿಂದ ನೀರು ಬಿಟ್ಟು ಏನೂ ಮುಟ್ಟವಲ್ಲದ್ರಿ. ಚಿಕನ್ ಹಾಕಿದ್ವಿ, ಮೊಸರನ್ನ ಹಾಕಿದ್ವಿ. ಗೇಟಿನ ಕಡಿ ಮಾರಿ ಮಾಡಿ ಕುಂತುಬಿಡ್ತದ. ನಮ್ಮ ಮನ್ಯಾಗ ಸತ್ತರ ಪಾಪ ನಮಗ ಬರ್ತದ್ರಿ, ಬ್ಯಾಡ."

"ಹೊಡದೀರೇನು ಅದಕ್ಕ?" ಅಂದೆ. ನನ್ನ ಬಾಯಿ ಹಾಗೆ, ಮೊದಲು ಹೊರಡುತ್ತದೆ. ಪಾಪ, ಆ ಮನುಷ್ಯನ ಕಣ್ಣಲ್ಲಿ ನೀರೇ ಬಂತು. ಅವರು ಹೋದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ವಾಪಸ್! ನನ್ನ ಮನೆಯಿಂದ ಹೋದ ನಾಯಿ ವಾಪಸ್! ಅವತ್ತು ಸಂಜೆ ಅವ್ವ ರೊಟ್ಟಿ ಹಾಕಿದ್ದೇ ತಡ, ಅದು ಒಂದು ಚೂರೂ ಬಿಡದಂತೆ ತಿಂದಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿ ಏನೂ ರೋಗವಿಲ್ಲ ಅಂದರು. "ಕೆಲವು ನಾಯಿ ಹಿಂಗೇ ಇರ್ತಾವ. ನಿಮ್ಮನ್ನ ಹಚ್ಚಿಕೊಂಡದ, ನೀವೇ ಇಟ್ಕೊಂಡುಬಿಡ್ರಿ," ಅಂದರು.

ಇಟ್ಟುಕೊಳ್ಳುವುದು ಸುಲಭ. ಆದರೆ ನಮ್ಮ ಅಂಗಳ ಒಂದೇ, ಗಿಡ ಒಂದೇ. ಅಲ್ಲಿ ಒಂದು ನಾಯಿ ಕಾಯಂ ಆಯಿತೆಂದರೆ ಮುಂದೆ ರಸ್ತೆಯಲ್ಲಿ ಬಿದ್ದದ್ದನ್ನು ತರಲು ನನಗೆ ಜಾಗವಿಲ್ಲ. ಅದೂ ಅಲ್ಲದೆ ಅದಕ್ಕೆ ತನ್ನದೇ ಮನೆಯೊಂದು ಸಿಗಬೇಕು ಅಂತ ನನಗೆ ಹಟ ಬಂದಿತ್ತು. ಹಿಂಡು ಬಿಟ್ಟುಹೋಯಿತು, ಅಂಗಡಿಯವರು ಬಿಟ್ಟುಹೋದರು, ಇನ್ನು ಅದನ್ನು ಯಾರಿಗೂ ಬೇಡದ್ದು ಅಂತ ನಾನು ಒಪ್ಪಿಕೊಳ್ಳಬೇಕಿತ್ತೇ? ಒಪ್ಪುವವಳಲ್ಲ ನಾನು.

ಗುಟ್ಟು ತಿಳಿದದ್ದು ನಾನು ಮನೆಯಲ್ಲಿ ಇಲ್ಲದಾಗ. ಕಲಬುರಗಿಯಲ್ಲಿ ಟ್ರೈನಿಂಗ್ ಅಂತ ಹೋಗಿದ್ದೆ, ಅಲ್ಲೇ ವಸತಿ. ಮರುದಿನ ಅವ್ವ ಫೋನ್ ಮಾಡಿದಳು.

"ನಿನ್ನ ಬಾಡಿಗಿ ನಾಯಿ ನಿನ್ನಿ ಸಂಜಿಯಿಂದ ಉಣವಲ್ಲದಬೇ. ಬಾಗಲಾಗ ಕುಂತದ."

"ನೀ ಉಂಡೀ?"

"ನಂಗ ಹೊಟ್ಟಿ ಹಸಿದಿಲ್ಲ."

ಅಷ್ಟು ಹೇಳಿದವಳೇ ಅವ್ವ ಫೋನಿನಲ್ಲೇ ಹಣೆ ಹಣೆ ಚಚ್ಚಿಕೊಂಡು ನಗಲು ಶುರು ಮಾಡಿದಳು. "ಅಯ್ಯ ಯವ್ವಾ! ಇದು ನನ್ನಂಗನ ಅದಲ್ಲಬೇ! ಎಲ್ಲಾ ಬರೂತನ ಉಣ್ಣಂಗಿಲ್ಲ ಇದು!"

ನೋಡಿ, ಇಷ್ಟು ದಿನ ನಮ್ಮಿಬ್ಬರ ಕಣ್ಣ ಮುಂದೆಯೇ ಇದ್ದದ್ದು. ಬೇರೆ ಯಾರ ಮನೆಯಲ್ಲಿ ಇದ್ದಿದ್ದರೂ ಅದು ಉಣ್ಣದೆ ಕೂರುವುದು ಮೊದಲ ದಿನವೇ ಕಾಣುತ್ತಿತ್ತು. ಕುರಿಯವರ ನಾಯಿ ಕುರಿಯವರ ಮನೆಗೇ ಬಂದು ಬಿದ್ದಿತ್ತು. ನಾಯಿಯ ರೂಢಿಯೂ ನಮ್ಮ ರೂಢಿಯೂ ಒಂದೇ ಆಗಿದ್ದಕ್ಕೆ, ಅದು ಒಂದು ರೂಢಿ ಅಂತಲೇ ನಮಗೆ ಹೊಳೆಯಲಿಲ್ಲ. ಅಂಗಡಿಯವರ ಮನೆಯಲ್ಲಿ ಒಬ್ಬರು ಬರುವ ಹೊತ್ತಿಗೆ ಇನ್ನೊಬ್ಬರು ಹೊರಗೆ. ಮಗ ಗೋಡೌನಿಗೆ, ಸೊಸೆ ಬ್ಯಾಂಕಿಗೆ, ಯಜಮಾನರು ಅಂಗಡಿಗೆ. ಮನೆ ಒಮ್ಮೆಯೂ ತುಂಬಿರಲಿಲ್ಲ. ಇದು ಕಾಯುತ್ತ ಕೂತಿತ್ತು. ನಾನು ಊರಿಗೆ ಬಂದವಳೇ ಅವರ ಅಂಗಡಿಗೆ ಹೋಗಿ, ನನ್ನ ಮಾತು ತಪ್ಪಾಯಿತು ಅಂತ ಹೇಳಿ, ಅವರ ಚಹಾ ಕುಡಿದು ಬಂದೆ.

ಈಗ ಹುಡುಕಬೇಕಾದದ್ದು ಏನು ಅನ್ನುವುದು ಸ್ಪಷ್ಟವಾಯಿತು. ಸಂಜೆಗೆ ಎಲ್ಲರೂ ಒಳಗೆ ಬರುವ ಮನೆ. ಹೇಳುವುದಕ್ಕೆ ಸುಲಭ. ಬಸ್ಸಿನಲ್ಲಿ ಕೇಳುತ್ತ ಹೋದೆ, "ನಿಮ್ಮ ಮನ್ಯಾಗ ಸಂಜಿಗೆ ಎಲ್ಲಾರೂ ಕೂಡಿ ಉಣ್ತೀರೇನ್ರಿ?" ಅಂತ. ಜನ ನನ್ನ ಮುಖ ನೋಡಿದರು. ಒಬ್ಬಾಕೆ ಯಾಕೋ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಒಂದಿಷ್ಟು ದಿನ ಹಾಗೇ ಹೋಯಿತು.

ಮಾನ್ವಿಯ ಬಸ್ಸಿನಲ್ಲಿ ಆಗಾಗ ಬರುತ್ತಿದ್ದ ಒಬ್ಬ ಹೆಣ್ಣುಮಗಳಿದ್ದರು, ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್. ಕೂಲಿ ಮಾಡುವವರ ಮನೆಯಿಂದ ಬಂದು ಅಂಥದೇ ಹಾಸ್ಟೆಲ್ಲಿನಲ್ಲಿ ಓದಿದವರು. ಸಿಟ್ಟಿನಲ್ಲಿ ನನ್ನ ತಂಗಿ ಅನ್ನಬಹುದು. ಒಮ್ಮೆ ಕಾಲೇಜು ಹುಡುಗಿಯೊಬ್ಬಳ ಮೇಲೆ ವಾಲುತ್ತಿದ್ದ ಒಬ್ಬನನ್ನು ಅವರು ಬೈದ ಬೈಗುಳಕ್ಕೆ ಅವನು ಕಪಗಲ್ಲಿನ ಹತ್ತಿರವೇ ಇಳಿದು ಹೋಗಿದ್ದ. ಅವತ್ತಿನಿಂದ ಅವರನ್ನು ಕಂಡರೆ ನನಗೆ ಖುಷಿ. ಆ ದಿನ ಅವರು, ಮಳೆಗೆ ಹಾಸ್ಟೆಲ್ಲಿನ ಹಿಂದಿನ ಗೋಡೆ ಬಿದ್ದಿದೆ, ಹಂದಿ ನುಗ್ಗುತ್ತವೆ, ಸಂಜೆ ಪುಂಡರು ಬಂದು ಸೀಟಿ ಹೊಡೆಯುತ್ತಾರೆ, ಒಂದು ನಾಯಿ ಇದ್ದರೆ ಒಳ್ಳೆಯದಿತ್ತು ಅಂದರು. ನಾನು ಚಿಲ್ಲರೆ ಎಣಿಸುವುದನ್ನು ಬಿಟ್ಟೆ.

"ನನ್ನ ಹತ್ರ ಅದ್ರಿ. ಆದ್ರ ಒಂದು ಕಂಡಿಷನ್. ಹುಡುಗ್ಯಾರೆಲ್ಲಾ ಒಳಗ ಬಂದು ಊಟಕ್ಕ ಕುಂತ ಮ್ಯಾಲ ಅದಕ್ಕ ಹಾಕಬೇಕು. ಮೊದಲ ಹಾಕಿದ್ರ ಮುಟ್ಟಂಗಿಲ್ಲ."

"ನಮ್ಮ ಹಾಸ್ಟೆಲ್ ರೂಲ್ಸ್ ನಾಯಿಗೂ ಗೊತ್ತವ ಅನ್ರಿ!" ಅಂತ ಅವರು ನಕ್ಕರು. ಆಮೇಲೆ ಬೆರಳು ಎತ್ತಿದರು. "ನಂದೂ ಒಂದು ಕಂಡಿಷನ್. ಒಂದು ತಿಂಗಳು ನೋಡ್ತೀನಿ. ಏನರ ತಕರಾರು ಬಂತಂದ್ರ ನಿಮ್ಮ ಬಸ್ಸಿನ್ಯಾಗೇ ಹಾಕಿ ವಾಪಸ್ ಕಳಿಸ್ತೀನಿ."

ಕರೆದುಕೊಂಡು ಹೋದ ದಿನ ನಾನು ರಜೆ ಹಾಕಿ ಸಂಜೆಯ ತನಕ ಅಲ್ಲೇ ಕೂತೆ. ಅಡಿಗೆಯಾಕೆ ಮಾತ್ರ ಸೌಟು ಹಿಡಿದುಕೊಂಡೇ ದೂರ ನಿಂತಿದ್ದಳು. "ನನಗ ನಾಯಿ ಅಂದ್ರ ಆಗಂಗಿಲ್ರಿ. ಅಡಿಗಿ ಮನಿ ಹೊಸ್ತಿಲ ದಾಟಿದ್ರ ನೋಡ್ರಿ ಮತ್ತ," ಅಂತ ನಾಯಿಗೆ ಕೇಳುವಂತೆ ಹೇಳಿದಳು. ಶಾಲೆ ಬಿಟ್ಟು ಹುಡುಗಿಯರು ಬಂದರು, ಒಬ್ಬೊಬ್ಬರೂ ಒಂದೊಂದು ಹೆಸರಿಟ್ಟು ಕೂಗಿದರು, ಹೆಸರಿಗಾಗಿ ಜಗಳಾಡಿದರು. ನಾಯಿ ಯಾವ ಹೆಸರಿಗೂ ತಿರುಗಲಿಲ್ಲ. ಗೇಟಿನ ಹತ್ತಿರ ಕೂತು ಒಳಗೆ ಬಂದವರನ್ನೆಲ್ಲ ಮೂಸಿತು. ಊಟಕ್ಕೆ ಸಾಲಾಗಿ ಕೂತಾಗ ಎದ್ದು ಕುಂಟುತ್ತ ಎಲ್ಲ ಸಾಲುಗಳ ಹಿಂದೆ ಒಮ್ಮೆ ಹಾದು ಬಂತು. ಆಮೇಲೆ ತನ್ನ ತಟ್ಟೆಗೆ ಬಾಯಿ ಹಾಕಿತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಹಟ್ಟಿಗೆ ಹಟ್ಟಿ ಸಿಕ್ಕಿತ್ತು.

ಅವ್ವನಿಗೆ ಒಂದು ಸಂಶಯ ಇತ್ತು, ಹುಡುಗಿಯರು ಹಬ್ಬಕ್ಕೆ ಊರಿಗೆ ಹೋದರೆ ಏನು ಮಾಡುತ್ತದೆ ಅಂತ. ವಾರ್ಡನ್ ಬಸ್ಸಿನಲ್ಲಿ ಸಿಕ್ಕಾಗ ಕೇಳಿದೆ. ಅಪ್ಪ ಅವ್ವ ಬಂದು ಕೈ ಹಿಡಿದುಕೊಂಡು ಕರೆದೊಯ್ದರೆ ಅದು ಗೇಟಿನ ತನಕ ಹೋಗಿ ನೋಡಿ ಬರುತ್ತದೆ, ಅವತ್ತು ಅವರಿಗಾಗಿ ಕಾಯುವುದಿಲ್ಲ ಅಂದರು. ಅವ್ವನಿಗೆ ಹೇಳಿದೆ. "ಸಂತ್ಯಾಗ ಕೊಟ್ಟ ಕುರಿ ಲೆಕ್ಕ ಅದಕ್ಕ ಗೊತ್ತಿರಂಗಿಲ್ಲೇನು!" ಅಂತ ಅವಳು ನನ್ನನ್ನೇ ಬೈದಳು.

ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಸಂಜೆ ಡಿಪೋದಲ್ಲಿ ಮಷೀನು, ಚೀಲ ಒಪ್ಪಿಸಿ ಹೊರಗೆ ಬರುತ್ತಿದ್ದೆ, ವಾರ್ಡನ್ ಫೋನ್ ಬಂತು. ಅವರ ಮಾತಿಗಿಂತ ಮೊದಲು ಬೊಗಳುವ ಸದ್ದು ಕೇಳಿಸಿತು.

"ನಿಮ್ಮ ನಾಯಿಗೆ ಹುಚ್ಚು ಹಿಡದಂಗ ಅದ್ರಿ! ಉಣವಲ್ಲದು. ಗೇಟಿಗೆ ಹಾಯ್ತದ, ವಾಪಸ್ ಬರ್ತದ. ಅಡಿಗಿ ಆಕಿ ಸೀರಿ ಹಿಡದು ಜಗ್ಗೇದ. ಹುಡುಗ್ಯಾರು ಅಂಜಿ ಅಳಾಕತ್ತಾರ. ಓಣಿ ಗಂಡಸರು ಬಡಿಗಿ ಹಿಡಕೊಂಡು ಬಂದಾರ. ನಾ ಏನ್ ಮಾಡ್ಲಿ?"

ಹುಚ್ಚು ಅಂತ ಒಮ್ಮೆ ಹೆಸರು ಬಿದ್ದ ನಾಯಿಯ ಮಾತನ್ನು ಯಾರೂ ಕೇಳುವುದಿಲ್ಲ, ಬಡಿಗೆ ಬೀಳುವುದಕ್ಕೆ ಹೊತ್ತು ಬೇಕಿಲ್ಲ. ಅದಕ್ಕೆ ಎಲ್ಲ ಇಂಜೆಕ್ಷನ್ ಆಗಿತ್ತು, ನಾನೇ ಹಿಡಿದುಕೊಂಡು ಕೊಡಿಸಿದ್ದೆ. ಆದರೆ ಇಂಜೆಕ್ಷನ್ನಿನ ಮಾತು ಬಡಿಗೆ ಹಿಡಿದವರಿಗೆ ಹೇಗೆ ಹೇಳುವುದು? ಉಣ್ಣುತ್ತಿಲ್ಲ ಅಂದರಲ್ಲ, ಆ ಮಾತು ಹಿಡಿದುಕೊಂಡೆ.

"ಹುಡುಗ್ಯಾರೆಲ್ಲಾ ಬಂದಾರೇನ್ರಿ?"

"ಬಂದಾರ್ರಿ. ಹಾಜರಿ ಆತು, ಎಲ್ಲಾರೂ ಓ ಅಂದಾರ."

"ಓ ಅಂತ ಯಾರು ಬೇಕಾದ್ರೂ ಅಂತಾರ್ರಿ. ಟಿಕೀಟ ತಗಸೀರೇನು ಅಂದ್ರ ಬಸ್ಸೆಲ್ಲಾ ಓ ಅಂತದ. ಹೆಸರು ಕರೀಬ್ಯಾಡ್ರಿ, ಸಾಲಿಗೆ ನಿಲ್ಲಿಸಿ ತಲಿ ಎಣಸ್ರಿ!"

"ನನಗ ನೀವು ಹೇಳಿಕೊಡ್ತೀರೇನು?" ಅವರ ಸಿಟ್ಟೂ ಏರಿತು.

"ಹೌದ್ರಿ, ಹೇಳಿಕೊಡ್ತೀನಿ! ಎಣಸೂತನ ಆ ಗಂಡಸರಿಗೆ ಬಡಿಗಿ ಕೆಳಗ ಇಡಾಕ ಹೇಳ್ರಿ. ಒಂದು ತಲಿ ಕಡಿಮಿ ಬರಲಿಲ್ಲಂದ್ರ ನಾ ಇನ್ನ ಮುಂದ ನಾಯಿ ಅನ್ನೋ ಸುದ್ದೇ ತಗಿಯಂಗಿಲ್ಲ. ಎಣಸ್ರಿ!"

ಡಿಪೋದ ಎದುರು ಕಬ್ಬಿನ ಹಾಲಿನ ಗಾಡಿಯ ಹತ್ತಿರ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ. ಅತ್ತ ವಾರ್ಡನ್ ಎಣಿಸುವುದು ಕೇಳಿಸುತ್ತಿತ್ತು. ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದರು. ಬೊಗಳುವುದು ಮಾತ್ರ ನಿಲ್ಲಲಿಲ್ಲ. ಆಮೇಲೆ ಫೋನಿಗೆ ಬಂದ ದನಿ ಅವರದೇ ಅಂತ ನನಗೆ ಗುರುತು ಸಿಗಲಿಲ್ಲ.

"ಒಬ್ಬಾಕಿ ಇಲ್ರಿ."

ಆರನೇ ತರಗತಿಯ ಸಣ್ಣ ಹುಡುಗಿ. ಅವಳ ಬದಲು ಓ ಅಂದಿದ್ದ ಗೆಳತಿ ಅಳುತ್ತ ಹೇಳಿದಳು. ಊರಲ್ಲಿ ಅವ್ವ ಹಡೆದಿದ್ದಾಳೆ, ತಂಗಿ ಹುಟ್ಟಿದ್ದಾಳೆ. ಕೂಸು ತೋರಿಸಲು ಅಪ್ಪ ಬರುತ್ತೇನೆ ಅಂದವನು ಬರಲಿಲ್ಲ. ಇವಳು ಶಾಲೆಯಿಂದ ಹಾಸ್ಟೆಲ್ಲಿಗೆ ಬರದೆ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಹೋಗಿದ್ದಾಳೆ. ಊರು ಚೀಕಲಪರ್ವಿಯ ಕಡೆ, ಮನೆ ಊರೊಳಗೆ ಅಲ್ಲ, ಕಾಲುವೆಯ ಸ್ಟಾಪಿನಲ್ಲಿ ಇಳಿದು ದಂಡೆ ಹಿಡಿದು ಹೋಗಬೇಕಾದ ಹೊಲದ ಗುಡಿಸಲು.

ಆ ಸ್ಟಾಪು ನನಗೆ ಗೊತ್ತು. ಒಂದು ಕಲ್ಲು, ಒಂದು ಜಾಲಿ ಗಿಡ, ಪಕ್ಕದಲ್ಲಿ ತುಂಬಿ ಹರಿಯುವ ಕಾಲುವೆ. ಹೊತ್ತು ಮುಳುಗುತ್ತಿತ್ತು. ನಾನು ಫೋನ್ ಇಟ್ಟು ಆ ರೂಟಿನ ಕಂಡಕ್ಟರಿಗೆ ಹಚ್ಚಿದೆ. ನನಗೆ ತಮ್ಮನ ವಯಸ್ಸಿನವನು, ನಾನು ಕೊಟ್ಟ ನಾಯಿಯೊಂದು ಅವನ ಮನೆಯಲ್ಲಿದೆ.

"ತಮ್ಮಾ, ನಿನ್ನ ಗಾಡ್ಯಾಗ ಸಾಲಿ ಯೂನಿಫಾರ್ಮಿನ್ಯಾಗ ಒಂದು ಸಣ್ಣ ಹುಡುಗಿ ಅದಾಳೇನು? ಒಬ್ಬಾಕೇ?"

"ಅದಾಳಕ್ಕಾ. ಡ್ರೈವರ್ ಹಿಂದಿನ ಸೀಟಿನ್ಯಾಗ. ಕಾಲುವಿ ಸ್ಟಾಪಿಗೆ ಇಳೀತೀನಿ ಅಂದಾಳ, ಅಪ್ಪ ಬಂದು ನಿಂತಿರ್ತಾನಂತ."

"ಯಾರೂ ಬಂದಿರಂಗಿಲ್ಲ. ಇಳಸಬ್ಯಾಡ. ಅತ್ತರ ಅಳ್ಲಿ, ಇಳಸಬ್ಯಾಡ!"

ಅವನು ಇಳಿಸಲಿಲ್ಲ. ಸ್ಟಾಪಿನಲ್ಲಿ ಯಾರೂ ಇರಲಿಲ್ಲವಂತೆ. ಊರಿನ ತನಕ ಕರೆದೊಯ್ದು, ಅಂಗಡಿಯವರೊಬ್ಬರಿಂದ ಅಪ್ಪನಿಗೆ ಫೋನ್ ಮಾಡಿಸಿ, ಅಪ್ಪ ಗಾಡಿ ತಂದು ಕರೆದುಕೊಂಡು ಹೋಗುವ ತನಕ ಬಸ್ಸು ನಿಲ್ಲಿಸಿಕೊಂಡೇ ಇದ್ದನಂತೆ. ವಾರ್ಡನ್‌ಗೆ ಸುದ್ದಿ ಕೊಟ್ಟೆ. ಆಮೇಲೆ ಕೇಳಿದೆ, ನಾಯಿ ಎಲ್ಲಿದೆ ಅಂತ.

"ಬಡಿಗಿ ಹಿಡದವರನ್ನ ಹೊ‍ರಗ ಹಾಕೀನ್ರಿ. ಅದು ಗೇಟಿನ ಹತ್ರ ಕುಂತದ. ಇನ್ನೂ ಉಂಡಿಲ್ಲ."

"ಉಣ್ಣಂಗಿಲ್ರಿ. ಒಬ್ಬಾಕಿ ಇನ್ನೂ ಬಂದಿಲ್ಲಲ್ಲ."

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ನನಗೆ ರೊಟ್ಟಿ ಬಡಿಸಿದಳು. ನಾನು ಸುಸ್ತಾಗಿದ್ದೆ, ಉಂಡು ಮಲಗಿಬಿಟ್ಟೆ.

ಬೆಳಗ್ಗೆ ನನ್ನದೇ ಮಾನ್ವಿಯ ಮೊದಲ ಬಸ್ಸು. ಸ್ಟ್ಯಾಂಡಿಗೆ ಮುಟ್ಟಿದ ಕೂಡಲೇ ಡ್ರೈವರಿಗೆ, "ಎರಡು ಚಾ ಕುಡಿ, ರೊಕ್ಕ ನಂದು," ಅಂತ ಹೇಳಿ ಹಾಸ್ಟೆಲ್ಲಿಗೆ ಓಡಿದೆ. ನಾಯಿ ಗೇಟಿನ ಒಳಗೆ ನಿಂತಿತ್ತು. ನನ್ನನ್ನು ನೋಡಿ ಬಾಲ ಆಡಿಸಿತು, ಆದರೆ ಬರಲಿಲ್ಲ, ನನ್ನ ಹಿಂದೆ ರಸ್ತೆ ನೋಡಿತು. ಸ್ವಲ್ಪ ಹೊತ್ತಿಗೆ ಅಪ್ಪನ ಕೈ ಹಿಡಿದುಕೊಂಡು ಆ ಹುಡುಗಿ ಬಂದಳು. ಅತ್ತು ಮುಖ ಊದಿತ್ತು, ಆದರೂ ಕೂಸು ನೋಡಿದ ಸಂಭ್ರಮ ಮುಚ್ಚಿಡಲು ಆಗುತ್ತಿರಲಿಲ್ಲ. ನಾಯಿ ಅವಳ ಕೈ ಮೂಸಿತು, ಲಂಗ ಮೂಸಿತು. ಹುಡುಗಿಯರು ತಿಂಡಿಗೆ ಸಾಲಾಗಿ ಕೂತಿದ್ದರು. ಅವಳು ಹೋಗಿ ತನ್ನ ಜಾಗದಲ್ಲಿ ಕೂತಳು. ನಾಯಿ ಕುಂಟುತ್ತ ಎಲ್ಲ ಸಾಲುಗಳ ಹಿಂದೆ ಒಮ್ಮೆ ಹಾದು ಬಂತು.

ತಟ್ಟೆಯಲ್ಲಿ ನಿನ್ನೆಯ ರೊಟ್ಟಿ ಒಣಗಿ ಬಿದ್ದಿತ್ತು. ಅದು ಬಾಯಿ ಹಾಕುವುದರೊಳಗೆ ಅಡಿಗೆಯಾಕೆ ಓಡಿ ಬಂದು ತಟ್ಟೆ ಕಸಿದುಕೊಂಡಳು. ಅವಳು ಹಳೆಯದನ್ನು ಚೆಲ್ಲಿ, ಹಂಚಿನಿಂದ ಈಗಷ್ಟೇ ತೆಗೆದ ಬಿಸಿ ರೊಟ್ಟಿ ಮುರಿದು, ಮೇಲೆ ಮಜ್ಜಿಗೆ ಸುರಿದು, ಅಡಿಗೆ ಮನೆಯ ಹೊಸ್ತಿಲ ಒಳಗೇ ಇಟ್ಟಳು. "ಬಾರವ್ವಾ, ಬಾ, ಉಣ್ಣು," ಅಂದಳು. ನಾಯಿ ಹೊಸ್ತಿಲು ದಾಟಿ ಉಂಡಿತು.

ನಾನು ವಾರ್ಡನ್ ಕಡೆ ತಿರುಗಿದೆ. "ತಿಂಗಳು ಆತಲ್ರಿ. ಹ್ಯಾಂಗ ಮಾಡ್ಲಿ? ಒಯ್ಯಲೇನು?" ಅಂದೆ. ಬೇಕಂತಲೇ ಕೇಳಿದೆ.

ವಾರ್ಡನ್ ಬಾಯಿ ತೆರೆಯುವ ಮೊದಲೇ ಅಡಿಗೆಯಾಕೆ ಸೌಟು ಎತ್ತಿದಳು. "ನಮ್ಮ ಮನಿ ನಾಯಿನ ನೀವು ಯಾಕ ಒಯ್ತೀರಿ?"

ವಾಪಸ್ ಬಸ್ಸಿನಲ್ಲಿ ನಾನು ರೈಟ್ ರೈಟ್ ಅಂದದ್ದು ಊರಿಗೆಲ್ಲ ಕೇಳಿಸಿರಬೇಕು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಏನಕ್ಕಾ, ಲಾಟರಿ ಹೊಡೀತೇನು?" ಅಂದ. ಅಂಗಡಿಯವರಿಗೆ ಫೋನ್ ಮಾಡಿ ಹೇಳಿದೆ, ಡಾಕ್ಟರಿಗೆ ಹೇಳಿದೆ, ಬಸ್ಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದೆ. ನನ್ನ ಮನೆಯಿಂದ ಹೋದ ನಾಯಿ, ನೋಡಿರಿ, ಇಡೀ ಹಾಸ್ಟೆಲ್ಲನ್ನು ಎಣಿಸಿತು. ಅಷ್ಟು ಜನರಿಗೆ ಹೇಳಿದವಳಿಗೆ ಮನೆಗೆ ಫೋನ್ ಮಾಡುವುದು ಮಾತ್ರ ನೆನಪಾಗಲಿಲ್ಲ.

ಸಂಜೆ ಬಂದಾಗ ಅವ್ವ ಬೇವಿನ ಗಿಡದ ಕೆಳಗೆ ಕೂತಿದ್ದಳು. ಡಾಕ್ಟರು ಮಧ್ಯಾಹ್ನ ಒಂದು ಕಣ್ಣಿನ ಮರಿಯೊಂದನ್ನು ತಂದು ಬಿಟ್ಟು ಹೋಗಿದ್ದರು, ಅದು ಅವಳ ಮಡಿಲಲ್ಲಿ ನಿದ್ದೆ ಹೊಡೆಯುತ್ತಿತ್ತು. ನಾನು ಒಳಗೆ ಹೋಗಿ ರೊಟ್ಟಿ ಬುಟ್ಟಿ ನೋಡಿದೆ. ನಿನ್ನೆ ರಾತ್ರಿ ಅವಳ ಪಾಲಿನದು ಹಾಗೇ ಇತ್ತು. ಇವತ್ತಿನದೂ ಹಾಗೇ ಇತ್ತು.

"ಯವ್ವಾ! ನಿನ್ನಿ ರಾತ್ರಿಯಿಂದ ಉಂಡಿಲ್ಲೇನು ನೀನು?"

ಅವಳು ಮಡಿಲಿನ ಮರಿಯನ್ನು ಸರಿಮಾಡಿಕೊಂಡು, "ಎಲ್ಲಾ ಬಂದ್ವೇನು?" ಅಂದಳು.

"ಬಂದ್ವು ಯವ್ವಾ. ಎಲ್ಲಾ ಬಂದ್ವು."

"ಅದು ಉಂಡ್ತೇನು?"

"ಉಂಡ್ತು."

"ಹಂಗಾರ ಕೈ ತೊಳಕೋ," ಅಂದು ಅವ್ವ ಎದ್ದು ಬುಟ್ಟಿಯ ಬಟ್ಟೆ ತೆಗೆದಳು.